ಸವೆದ ಕಾಂಕ್ರೀಟ್ ಮೇಲೆ ಹೊಸ ಪದರ ಹಾಕೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಳ, ಮೆಟ್ಟಿಲು, ಗಾಡಿ ನಿಲ್ಲಿಸೋ ಜಾಗ, ಮನೆ ಸುತ್ತ ಓಡಾಡೋ ದಾರಿ, ಇವೆಲ್ಲದರ ಕಾಂಕ್ರೀಟ್ ಸವೆದು ಜಲ್ಲಿ ಕಾಣೋಕೆ ಶುರುವಾದಾಗ ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ. ಉತ್ತರಗಳಲ್ಲಿ ಕೆಲವು ಉದ್ದ ಇವೆ, ಕೆಲವು ಒಂದೆರಡು ಸಾಲು, ಯಾಕಂದ್ರೆ ಎಲ್ಲ ಪ್ರಶ್ನೆನೂ ಅಷ್ಟೇ ಮುಖ್ಯ ಅಲ್ಲ.

ರಿಸರ್ಫೇಸಿಂಗ್ ಅಂದ್ರೆ ಏನು? ಸುಮ್ನೆ ಮೇಲೆ ಸಿಮೆಂಟ್ ನೀರು ಬಳಿದ್ರೆ ಆಗಲ್ವಾ?

ಸವೆದ ಕಾಂಕ್ರೀಟಿನ ಮೇಲೆ ತೆಳ್ಳಗೆ ಹೊಸ ಪದರ ಹಾಕೋದೇ ರಿಸರ್ಫೇಸಿಂಗ್. ಸಿಮೆಂಟ್ ನೀರು ಸಾಕಾಗಲ್ಲ. ಬರೀ ಸಿಮೆಂಟ್ ನೀರು ಬಳಿದ್ರೆ ಎರಡು ದಿನ ನೋಡೋಕೆ ಚೆನ್ನಾಗಿರುತ್ತೆ, ಆಮೇಲೆ ಒಣಗಿ ಕುಗ್ಗಿ ಸಣ್ಣ ಸಣ್ಣ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತೆ. ರಿಸರ್ಫೇಸರ್ ಅಂತ ಚೀಲದಲ್ಲಿ ಬರೋ ಮಾಲಲ್ಲಿ ಸಿಮೆಂಟ್ ಮತ್ತೆ ನಯವಾದ ಮರಳಿನ ಜೊತೆ ಪಾಲಿಮರ್ (ಅಂಟು ಗುಣದ ಪ್ಲಾಸ್ಟಿಕ್ ತರದ ವಸ್ತು) ಸೇರಿಸಿರ್ತಾರೆ. ಆ ಪಾಲಿಮರ್ ಇರೋದ್ರಿಂದಲೇ 2-3 ಮಿಲಿಮೀಟರ್ ದಪ್ಪದ ಪದರ ಕೂಡ ಹಳೇ ಕಾಂಕ್ರೀಟನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಸ್ವಲ್ಪ ಬಾಗೋ ಗುಣನೂ ಬರುತ್ತೆ, ಒಳಗಿನ ನೀರು ಬೇಗ ಆವಿಯಾಗಿ ಹೋಗೋದೂ ಕಮ್ಮಿಯಾಗುತ್ತೆ. ಮಾಮೂಲಿ ಸಿಮೆಂಟ್ ಕಾಂಕ್ರೀಟನ್ನ ಅಷ್ಟು ತೆಳ್ಳಗೆ ಹಾಕೋಕೆ ಬರೋದೇ ಇಲ್ಲ.

ನಮ್ಮ ಕಾಂಕ್ರೀಟ್ ಇಷ್ಟು ಬೇಗ ಯಾಕೆ ಸವೀತು?

ಬಹಳಷ್ಟು ಸಲ ಹಾಕಿದ ದಿನವೇ ಅದರ ಹಣೆಬರಹ ಬರೆದಾಗಿರುತ್ತೆ. ಕಲಸೋಕೆ ಸುಲಭ ಅಂತ ನೀರು ಜಾಸ್ತಿ ಸುರಿದಿರ್ತಾರೆ, ಆ ಹೆಚ್ಚಿನ ನೀರು ಮೇಲಕ್ಕೆ ಬಂದು ನಿಲ್ಲುತ್ತೆ, ಅದು ಆರೋಕೆ ಮುಂಚೆನೇ ಕರಣೆ ಹಿಡಿದು ಉಜ್ಜಿಬಿಡ್ತಾರೆ, ಇಲ್ಲಾಂದ್ರೆ ಆ ನೀರು ಹೀರಲಿ ಅಂತ ಮೇಲೆ ಒಣ ಸಿಮೆಂಟ್ ಉದುರಿಸಿ ನುಣ್ಣಗೆ ಮಾಡ್ತಾರೆ. ನೋಡೋಕೆ ಕನ್ನಡಿ ತರ ಹೊಳೆಯುತ್ತೆ, ಆದ್ರೆ ಮೇಲಿನ ಒಂದೆರಡು ಮಿಲಿಮೀಟರಲ್ಲಿ ಶಕ್ತಿನೇ ಇರಲ್ಲ. ಅದರ ಮೇಲೆ ಕ್ಯೂರಿಂಗ್ (ಗಟ್ಟಿಯಾಗೋವರೆಗೂ ಒದ್ದೆ ಇಡೋದು) ಕೂಡ ಸರಿಯಾಗಿ ಆಗಿಲ್ಲ ಅಂದ್ರೆ ಮುಗೀತು. ಚಳಿಗೆ ನೀರು ಹೆಪ್ಪುಗಟ್ಟೋ ಊರುಗಳಲ್ಲಿ ಇನ್ನೊಂದು ಕಾಟ ಇದೆ, ಹೆಪ್ಪುಗಟ್ಟುವಾಗ ನೀರು ಸುಮಾರು 9 ಶೇಕಡಾ ಹಿಗ್ಗುತ್ತೆ, ರಂಧ್ರದೊಳಗಿನ ನೀರು ಹಾಗೆ ಹಿಗ್ಗಿ ಹಿಗ್ಗಿ ಮೇಲ್ಮೈಯನ್ನ ಸಿಡಿಸುತ್ತೆ, ಹಿಮ ಕರಗಿಸೋಕೆ ಉಪ್ಪು ಹಾಕಿದ್ರೆ ಇನ್ನೂ ಜೋರು.

ಇದನ್ನ ತಿಳ್ಕೊಳ್ಳೋದು ಯಾಕೆ ಅಂದ್ರೆ, ಆ ಶಕ್ತಿ ಇಲ್ಲದ ಪದರದ ಮೇಲೆನೇ ಹೊಸದನ್ನ ಹಾಕಿದ್ರೆ ಹೊಸದು ಎಷ್ಟೇ ಒಳ್ಳೇದಾದ್ರೂ ಹಳೇ ಪದರದ ಜೊತೆ ಗಾಯದ ಹಕ್ಕಳೆ ತರ ಎದ್ದು ಬರುತ್ತೆ. ಎದ್ದು ಬಂದ ಚಕ್ಕೆಯನ್ನ ತಿರುಗಿಸಿ ನೋಡಿ, ಅದರ ತಳದಲ್ಲಿ ಹಳೇ ಕಾಂಕ್ರೀಟಿನ ಬೂದು ಪುಡಿ ಅಂಟ್ಕೊಂಡಿದ್ರೆ ತಪ್ಪು ಮಾಲಿಂದಲ್ಲ, ತಯಾರಿದು.

ಮೇಲ್ಪದರ ಸಾಕಾ, ಇಲ್ಲ ಪೂರ್ತಿ ಒಡೆದು ಹಾಕ್ಬೇಕಾ? ಹೇಗೆ ಗೊತ್ತಾಗುತ್ತೆ?

ಒಂದು ಸುತ್ತಿಗೆ ತಗೊಳ್ಳಿ. ಒಂದು ಮೂಲೆಯಿಂದ ಶುರು ಮಾಡಿ ಗೇಣು ಗೇಣಿಗೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರೋ ಕಡೆ ಸುತ್ತಿಗೆ ಪುಟಿಯುತ್ತೆ, ಟಣ್ ಅಂತ ಚೂಪಾದ ಸದ್ದು ಬರುತ್ತೆ. ಒಳಗಡೆ ಪದರ ಬಿಟ್ಟಿರೋ ಕಡೆ ಡಬ್ ಡಬ್ ಅಂತ ಟೊಳ್ಳು ಸದ್ದು. ಟೊಳ್ಳು ಸಿಕ್ಕ ಕಡೆಯೆಲ್ಲ ಚಾಕ್‌ಪೀಸಲ್ಲಿ ಗೆರೆ ಹಾಕಿ, ಆಮೇಲೆ ದೂರ ನಿಂತು ನೋಡಿ. ಅಲ್ಲಲ್ಲಿ ಒಂದೆರಡು ತೇಪೆ ಅಷ್ಟೇ ಅಂದ್ರೆ ಅಷ್ಟನ್ನ ಉಳಿ ಹಿಡಿದು ಕಿತ್ತು ತುಂಬಿಸಿ ಮೇಲ್ಪದರ ಹಾಕ್ಬಹುದು. ಅರ್ಧಕ್ಕರ್ಧ ನೆಲ ಚಾಕ್ ಗೆರೆಯೊಳಗೇ ಇದ್ರೆ ದುಡ್ಡು ಉಳಿಸೋಕೆ ಹೋಗಿ ಎರಡು ಸಲ ಖರ್ಚು ಮಾಡೋ ಹಾಗಾಗುತ್ತೆ, ಒಡೆಯೋದೇ ಸರಿ.

ಇನ್ನೂ ಮೂರು ಸಂದರ್ಭದಲ್ಲಿ ಮೇಲ್ಪದರ ಬೇಡ. ನೆಲ ಒಂದು ಕಡೆ ಕುಸಿದಿದ್ರೆ, ಬಿರುಕಿನ ಒಂದು ಪಕ್ಕ ಮೇಲೆ ಇನ್ನೊಂದು ಪಕ್ಕ ಕೆಳಗೆ ಇದ್ರೆ, ಅಥವಾ ಗಾಡಿ ಹತ್ತಿದಾಗ ಸ್ಲ್ಯಾಬ್ ಅಲ್ಲಾಡಿದ್ರೆ. ಇವೆಲ್ಲ ಕೆಳಗಿನ ಮಣ್ಣಿನ ಸಮಸ್ಯೆ, ಮೇಲೆ ಎಷ್ಟು ಬಳಿದ್ರೂ ಮಣ್ಣಿಗೆ ಗೊತ್ತಾಗಲ್ಲ.

ಬಿರುಕು ಇದೆ, ಮೇಲ್ಪದರ ಹಾಕಿದ್ರೆ ಮುಚ್ಚಿ ಹೋಗುತ್ತಾ?

ಬಿರುಕು ಇನ್ನೂ ಆಡ್ತಿದ್ಯಾ ಇಲ್ವಾ ಅನ್ನೋದರ ಮೇಲೆ ಹೋಗುತ್ತೆ. ಬಿರುಕಿನ ಎರಡೂ ಪಕ್ಕ ಪೆನ್ಸಿಲಲ್ಲಿ ಗುರುತು ಮಾಡಿ ಮಧ್ಯದ ಅಳತೆ ಮತ್ತೆ ತಾರೀಖು ಬರೆದಿಡಿ, ಬಿಸಿಲು ಕಾಲ ಮಳೆಗಾಲ ದಾಟಲಿ, ಅಳತೆ ಬದಲಾಗಿಲ್ಲ ಅಂದ್ರೆ ಅದು ಹಳೇ ಸತ್ತ ಬಿರುಕು, ಅಗಲ ಮಾಡಿ ಧೂಳು ತೆಗೆದು ರಿಪೇರಿ ಮಾಲು ತುಂಬಿ ಮೇಲೆ ಪದರ ಹಾಕ್ಬಹುದು. ಆಡೋ ಬಿರುಕಾದ್ರೆ ಹೊಸ ಪದರದಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಬಂದೇ ಬರುತ್ತೆ. ಅಂಥದ್ದನ್ನ ಬಿರುಕು ಅಂತ ಮುಚ್ಚೋ ಬದಲು ಜಾಯಿಂಟ್ ಅಂತ ಒಪ್ಕೊಂಡು, ಮೇಲಿನ ಪದರವನ್ನೂ ಅಲ್ಲೇ ಕತ್ತರಿಸಿ ಪಾಲಿಯುರೆಥೇನ್ ಸೀಲೆಂಟ್ ತುಂಬೋದು ಒಳ್ಳೇದು.

ಹಾಗೇ ಹಳೇ ಕಾಂಕ್ರೀಟಲ್ಲಿ ಮೊದಲೇ ಬಿಟ್ಟಿರೋ ಜಾಯಿಂಟ್‌ಗಳನ್ನ ದಯವಿಟ್ಟು ಮುಚ್ಬೇಡಿ. ಅದು ಡಿಸೈನಿಗೆ ಹಾಕಿದ ಗೆರೆ ಅಲ್ಲ, ಕಾಂಕ್ರೀಟ್ ಕುಗ್ಗಿದಾಗ ಬಿರುಕು ಅಲ್ಲೇ ಬರಲಿ ಅಂತ ಬೇಕಂತಲೇ ಬಿಟ್ಟಿದ್ದು. ಕೆಲಸ ಮಾಡುವಾಗ ಅದರ ಮೇಲೆ ಟೇಪ್ ಅಥವಾ ಫೋಮ್ ಪಟ್ಟಿ ಇಟ್ಟು ಆಮೇಲೆ ತೆಗೀರಿ.

ಒಳಗಿನ ಕಂಬಿ ಕಾಣ್ತಿದೆ, ತುಕ್ಕು ಹಿಡಿದಿದೆ. ಅದರ ಮೇಲೆ ಹಾಕ್ಬಹುದಾ?

ಹಾಗೇ ಹಾಕೋ ಹಾಗಿಲ್ಲ. ಹೊಸ ಕಾಂಕ್ರೀಟಲ್ಲಿ ಕ್ಷಾರ ತುಂಬಾ ಜಾಸ್ತಿ, ಪಿಎಚ್ 12ರ ಮೇಲೆನೇ ಇರುತ್ತೆ, ಆ ಕ್ಷಾರವೇ ಕಂಬಿಗೆ ರಕ್ಷಣೆ. ವರ್ಷಗಳು ಕಳೆದ ಹಾಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಇಳಿದು ಪಿಎಚ್ ಕಮ್ಮಿ ಮಾಡುತ್ತೆ, ಇಲ್ಲಾ ಉಪ್ಪಿನಂಶ ಒಳಗೆ ಹೋಗುತ್ತೆ, ಆಗ ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತೆ, ಅದಕ್ಕೇ ಕಾಂಕ್ರೀಟ್ ಒಳಗಿಂದ ಸಿಡಿಯೋದು. ನೆಲದ ಮೇಲಿನ ಅಂಗಳದಲ್ಲಾದ್ರೆ ಕಂಬಿಯ ಸುತ್ತ, ಹಿಂದೆನೂ ಸೇರಿ, ಕಾಂಕ್ರೀಟ್ ಕೆತ್ತಿ, ವೈರ್ ಬ್ರಷ್ಷಲ್ಲಿ ಕಬ್ಬಿಣ ಬೆಳ್ಳಗೆ ಕಾಣೋವರೆಗೂ ಉಜ್ಜಿ, ತುಕ್ಕು ತಡೆಯೋ ಪ್ರೈಮರ್ ಬಳಿದು, ಪಾಲಿಮರ್ ಮಾರ್ಟರ್ (ಪಾಲಿಮರ್ ಸೇರಿಸಿದ ಗಾರೆ) ತುಂಬಿ, ಆಮೇಲೆ ಮೇಲ್ಪದರ.

ಬಾಲ್ಕನಿ, ಛಾವಣಿ, ತೊಲೆ, ಕಂಬ, ಇಂಥ ಕಡೆ ಕಂಬಿ ಕಂಡ್ರೆ ಇದನ್ನ ಓದೋದು ನಿಲ್ಲಿಸಿ ಸ್ಟ್ರಕ್ಚರಲ್ ಇಂಜಿನಿಯರನ್ನ ಕರೆಸಿ. ಅದು ಅಂದ ಚೆಂದದ ವಿಷಯ ಅಲ್ಲ.

ತಯಾರಿ ಅಂತ ಇಷ್ಟೊಂದು ಹೇಳ್ತೀರಲ್ಲ, ನಿಜವಾಗಿ ಏನೇನು ಮಾಡ್ಬೇಕು?

ಕೆಲಸದ ಮುಕ್ಕಾಲು ಪಾಲು ಇದೇ, ಅದಕ್ಕೇ ಜನಕ್ಕೆ ಬೇಜಾರು. ಮೊದಲು ಪಾಚಿ, ಹಳೇ ಪೇಂಟು, ಬಿಟ್ಕೊಂಡಿರೋ ಚಕ್ಕೆ ಎಲ್ಲ ಕೆರೆದು ತೆಗೀಬೇಕು. ಆಮೇಲೆ ಪ್ರೆಶರ್ ವಾಷರ್, ಕಾರು ತೊಳೆಯೋ ಸಣ್ಣದಲ್ಲ, 3000 ಪಿಎಸ್ಐ ಅಥವಾ ಅದಕ್ಕಿಂತ ಜಾಸ್ತಿ ಒತ್ತಡದ್ದು ಬೇಕು, ಬಾಡಿಗೆಗೆ ತಂದ್ರೆ ಸಾಕು. ತೊಳೆದ ಮೇಲೆ ಮುಟ್ಟಿ ನೋಡಿ, ಸಣ್ಣ ಮರಳು ಕಾಗದದ ತರ ಒರಟಾಗಿ ಕೈಗೆ ಸಿಗ್ಬೇಕು, ಬೆರಳಿಗೆ ಪುಡಿ ಅಂಟ್ಬಾರ್ದು. ಇನ್ನೂ ನುಣ್ಣಗಿದ್ರೆ ಗ್ರೈಂಡರಲ್ಲಿ ಡೈಮಂಡ್ ಕಪ್ ಚಕ್ರ ಹಾಕಿ ಉಜ್ಬೇಕು.

ಮುಗೀತು ಅನ್ನಿಸಿದಾಗ ನೀರು ಚಿಮುಕಿಸಿ. ನೀರು ಒಂದು ನಿಮಿಷದೊಳಗೆ ಹೀರ್ಕೊಂಡು ಕಾಂಕ್ರೀಟ್ ಕಪ್ಪಗಾದ್ರೆ ಸರಿ. ಮುತ್ತಿನ ತರ ಗುಂಡಗೆ ನಿಂತ್ರೆ ಅಲ್ಲಿ ಎಣ್ಣೆ ಇದೆ ಅಥವಾ ಯಾರೋ ಯಾವತ್ತೋ ಸೀಲರ್ (ನೀರು ಇಳಿಯದ ಹಾಗೆ ಬಳಿಯೋ ದ್ರವ) ಹೊಡೆದಿದ್ದಾರೆ. ನೀರನ್ನೇ ಒಳಗೆ ಬಿಡದ ಮೇಲ್ಮೈ ಸಿಮೆಂಟನ್ನ ಹಿಡಿಯಲ್ಲ.

ಆಸಿಡ್ ಹಾಕಿ ತೊಳೆದ್ರೆ ಸಾಕಲ್ವಾ?

ಆಸಿಡ್ ಬರೀ ಮೇಲಿನ ಸಿಮೆಂಟನ್ನ ಒಂದಿಷ್ಟು ತಿನ್ನುತ್ತೆ. ಎಣ್ಣೆ, ಪೇಂಟು, ಸೀಲರ್ ಇವನ್ನ ಮುಟ್ಟೋದೂ ಇಲ್ಲ. ಸರಿಯಾಗಿ ತೊಳೆದು ತಟಸ್ಥ ಮಾಡ್ದೇ ಬಿಟ್ರೆ ಒಳಗುಳಿದ ಆಸಿಡ್ಡೇ ಹೊಸ ಪದರದ ಹಿಡಿತ ಹಾಳು ಮಾಡುತ್ತೆ. ಯಂತ್ರದಲ್ಲಿ ಉಜ್ಜೋಕೆ ಸಾಧ್ಯ ಇದ್ರೆ ಆಸಿಡ್ ಸಹವಾಸವೇ ಬೇಡ ಅಂತ ನನ್ನ ಅಭಿಪ್ರಾಯ. ಮಾಡ್ಲೇಬೇಕು ಅಂದ್ರೆ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಯಾವತ್ತೂ ಹಾಕ್ಬೇಡಿ, ಸಿಡಿಯುತ್ತೆ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು ಮತ್ತೆ ಎರಡು ಮೂರು ಸಲ ಸಾದಾ ನೀರು.

ಗಾಡಿ ಆಯಿಲ್ ಕಲೆ ಹೋಗ್ತಾನೇ ಇಲ್ಲ.

ಡಿಗ್ರೀಸರ್ ಹಾಕಿ ಗಟ್ಟಿ ಬ್ರಷ್ಷಲ್ಲಿ ಉಜ್ಜಿ, ಬಿಸಿ ನೀರಲ್ಲಿ ತೊಳೆದು, ನೀರು ಚಿಮುಕಿಸಿ ನೋಡಿ, ಮತ್ತೆ ಗುಂಡಗೆ ನಿಂತ್ರೆ ಇನ್ನೊಂದು ಸಲ. ವರ್ಷಗಟ್ಟಲೆ ಇಳಿದ ಎಣ್ಣೆಯಾದ್ರೆ ಅಷ್ಟು ಭಾಗ ಕೆತ್ತಿ ತೆಗೆದು ಹೊಸ ಮಾಲು ತುಂಬೋದು ಬೇಗ ಆಗುತ್ತೆ.

ಪದರ ಹಾಕುವಾಗ ಹಳೇ ನೆಲ ಒಣಗಿರ್ಬೇಕಾ, ಒದ್ದೆ ಇರ್ಬೇಕಾ?

ಸಿಮೆಂಟ್ ಆಧಾರದ ಮಾಲಿಗೆ ಒದ್ದೆ ಇರ್ಬೇಕು, ಆದ್ರೆ ನೀರು ನಿಂತಿರ್ಬಾರ್ದು. ಒಣಗಿದ ಕಾಂಕ್ರೀಟ್ ಹೊಸ ಮಾಲಲ್ಲಿರೋ ನೀರನ್ನೆಲ್ಲ ಎಳ್ಕೊಂಡುಬಿಡುತ್ತೆ, ತಳದ ಸಿಮೆಂಟ್ ಗಟ್ಟಿಯಾಗೋಕೆ ನೀರೇ ಸಾಲಲ್ಲ. ನೀರು ನಿಂತಿದ್ರೆ ಉಲ್ಟಾ, ತಳದಲ್ಲಿ ಮಾಲು ತೆಳುವಾಗಿ ಹಿಡಿತ ಹೋಗುತ್ತೆ. ಹಿಂದಿನ ದಿನದಿಂದ ಚೆನ್ನಾಗಿ ನೆನೆಸಿ, ಹಾಕೋ ಮುಂಚೆ ಗುಂಡಿಗಳಲ್ಲಿ ನಿಂತ ನೀರನ್ನ ಗುಡಿಸಿ ತೆಗೀರಿ, ಬಣ್ಣ ಗಾಢವಾಗಿರ್ಬೇಕು ಆದ್ರೆ ಹೊಳೀಬಾರ್ದು. ಎಪಾಕ್ಸಿಗೆ (ಎರಡು ದ್ರವ ಕಲಸಿ ಬಳಿಯೋ ಹೊಳೆಯೋ ಲೇಪ) ಮಾತ್ರ ಇದಕ್ಕೆ ವಿರುದ್ಧ, ಮಾಮೂಲಿಯಾಗಿ ಪೂರ್ತಿ ಒಣಗಿರ್ಬೇಕು. ಕೆಳಗಿಂದ ತೇವ ಬರ್ತಿದ್ಯಾ ನೋಡೋಕೆ 18 ಇಂಚು ಚದರದ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ 16 ಗಂಟೆ ಬಿಡಿ, ತೆಗೆದಾಗ ಒಳಗೆ ಹನಿ ಕಂಡ್ರೆ ಅಥವಾ ನೆಲ ಕಪ್ಪಗಾಗಿದ್ರೆ ಎಪಾಕ್ಸಿ ಆಸೆ ಬಿಡಿ.

ಎಷ್ಟು ಮಾಲು ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಒಂದು ಚದರ ಮೀಟರಿಗೆ 1 ಮಿಲಿಮೀಟರ್ ದಪ್ಪ ಅಂದ್ರೆ ಸರಿಯಾಗಿ 1 ಲೀಟರ್. ಒಂದು ಲೀಟರಿಗೆ ಸುಮಾರು 2 ಕೆಜಿ ಅಂತ ಹಿಡ್ಕೊಳ್ಳಿ. 20 ಚದರ ಮೀಟರ್ ಅಂಗಳಕ್ಕೆ 3 ಮಿಮೀ ಹಾಕೋದಾದ್ರೆ 60 ಲೀಟರ್, ಅಂದ್ರೆ 120 ಕೆಜಿ, 25 ಕೆಜಿ ಚೀಲ ಐದು. ನೆಲ ತುಂಬಾ ಗುಂಡಿ ಗುಂಡಿ ಇದ್ರೆ ಒಂದು ಚೀಲ ಜಾಸ್ತಿ ಇಟ್ಕೊಳ್ಳಿ, ಅರ್ಧ ಕೆಲಸದಲ್ಲಿ ಮಾಲು ಮುಗಿದು ಅಂಗಡಿಗೆ ಓಡೋದಕ್ಕಿಂತ ದೊಡ್ಡ ತಲೆನೋವು ಇಲ್ಲ, ಆ ಗೆರೆ ಆಮೇಲೆ ಜನ್ಮಪೂರ್ತಿ ಕಾಣುತ್ತೆ.

ದಪ್ಪ ಎಷ್ಟು ಅನ್ನೋದನ್ನ ಚೀಲದ ಮೇಲೆ ಬರೆದಿರ್ತಾರೆ, ಅದನ್ನ ಮೀರ್ಬೇಡಿ, ಆಳದ ಗುಂಡಿಗಳನ್ನ ಮೊದಲೇ ಬೇರೆ ರಿಪೇರಿ ಮಾಲಿಂದ ತುಂಬಿಸಿ. ಇನ್ನೊಂದು ಮಾತು, ನೆಲ ಕೆಲವು ಮಿಲಿಮೀಟರ್ ಎತ್ತರ ಆದ್ಮೇಲೆ ಗೇಟು ತೆರೆಯುತ್ತಾ, ನೀರು ಹೋಗೋ ಜಾಲರಿ ಕೆಳಗೇ ಇರುತ್ತಾ, ಇಳಿಜಾರು ಮನೆಯಿಂದ ಆಚೆಗೇ ಇದ್ಯಾ (ಮೀಟರಿಗೆ 1ರಿಂದ 2 ಸೆಂಟಿಮೀಟರ್ ಸಾಕು) ಅಂತ ಮೊದಲೇ ರಸಮಟ್ಟ ಇಟ್ಟು ನೋಡ್ಕೊಳ್ಳಿ.

ಚೀಲದ ಮಾಲು ಬೇಡ, ನಾವೇ ಸಿಮೆಂಟ್, ಮರಳು, ಲೇಟೆಕ್ಸ್ ಕಲಸ್ಕೋಬಹುದಾ?

ಕಲಸ್ಕೋಬಹುದು, ಅನುಭವಿ ಮೇಸ್ತ್ರಿಗಳು ಮಾಡ್ತಾರೆ. ಎಸ್‌ಬಿಆರ್ ಅಥವಾ ಅಕ್ರಿಲಿಕ್ ಲೇಟೆಕ್ಸ್ ತಗೊಳ್ಳಿ (ಎರಡೂ ನೀರಲ್ಲಿ ಪಾಲಿಮರ್ ಬೆರೆತ ಹಾಲಿನಂಥ ದ್ರವ), ಡಬ್ಬಿ ಮೇಲಿನ ಪ್ರಮಾಣದಲ್ಲೇ ಹಾಕಿ. ಬಿಳಿ ಅಂಟು ಅಂತಾರಲ್ಲ, ಆ ಪಿವಿಎ, ಅದು ಹೊರಗಡೆ ಕೆಲಸಕ್ಕೆ ಬೇಡ, ನೀರು ತಾಗಿದ್ರೆ ಮತ್ತೆ ಮೆತ್ತಗಾಗುತ್ತೆ. ಲೇಟೆಕ್ಸ್ ಜೊತೆ ಸಿಮೆಂಟ್ ಕಲಸಿ ಮೊದಲು ತಳಕ್ಕೆ ಬ್ರಷ್ಷಲ್ಲಿ ಉಜ್ಜೋದಿದ್ರೆ ಅದು ಹಸಿ ಇರುವಾಗಲೇ ಮೇಲಿನ ಮಾಲು ಬೀಳ್ಬೇಕು. ಒಣಗಿಹೋದ್ರೆ ಅದು ಅಂಟಿಸೋ ಬದಲು ಬೇರೆ ಮಾಡೋ ಪದರ ಆಗಿಬಿಡುತ್ತೆ.

ಮೊದಲ ಸಲ ಮಾಡೋರಿಗೆ ಚೀಲದ ಮಾಲೇ ಸಲೀಸು.

ಕಲಸೋದು, ಹಾಕೋದು ಹೇಗೆ?

ಬಕೆಟಲ್ಲಿ ಮೊದಲು ಅಳತೆ ಮಾಡಿದ ನೀರು, ಆಮೇಲೆ ಪುಡಿ. ಡ್ರಿಲ್ಲಿಗೆ ಪ್ಯಾಡಲ್ ಹಾಕಿ ನಿಧಾನ ಸ್ಪೀಡಲ್ಲಿ ತಿರುಗಿಸಿ, ಜೋರಾಗಿ ತಿರುಗಿಸಿದ್ರೆ ಗಾಳಿ ಸೇರಿ ಆಮೇಲೆ ಮೇಲೆಲ್ಲ ಸೂಜಿ ತೂತು. ಗಂಟಿಲ್ಲದೆ ಸುರಿಯೋ ಹಾಗಾದ್ಮೇಲೆ ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ತಿರುಗಿಸಿ. ಗಟ್ಟಿ ಅನ್ನಿಸ್ತು ಅಂತ ಚೂರು ಚೂರೇ ನೀರು ಸೇರಿಸೋ ಚಟ ಬಿಡಿ, ಹಳೇ ಕಾಂಕ್ರೀಟ್ ಹಾಳಾಗಿದ್ದೇ ಹಾಗೆ.

ಕೈಯಲ್ಲಿರೋ ಸಮಯ ಸುಮಾರು 20 ನಿಮಿಷ, ಬಿಸಿಲಿದ್ರೆ ಇನ್ನೂ ಕಮ್ಮಿ. ಹಾಗಾಗಿ ಒಬ್ಬರೇ ಮಾಡೋ ಕೆಲಸ ಅಲ್ಲ ಇದು, ಒಬ್ಬರು ಕಲಸ್ತಾ ಇರ್ಬೇಕು, ಒಬ್ಬರು ಹರಡ್ತಾ ಇರ್ಬೇಕು. ಜಾಯಿಂಟಿಂದ ಜಾಯಿಂಟಿಗೆ ಒಂದೊಂದು ಚೌಕ ತಗೊಳ್ಳಿ. ಬಾಗಿಲ ಹತ್ತಿರದಿಂದ ಶುರು ಮಾಡ್ಬೇಡಿ, ದೂರದ ಮೂಲೆಯಿಂದ ಹೊರಗೆ ಬರೋ ದಾರಿ ಕಡೆಗೆ ಬನ್ನಿ. ಮಾಲನ್ನ ಒಂದು ಪಟ್ಟಿಯಾಗಿ ಸುರಿದು ಉದ್ದ ಕೋಲಿನ ಸ್ಕ್ವೀಜಿಯಿಂದ (ತುದಿಗೆ ರಬ್ಬರ್ ಪಟ್ಟಿ ಇರೋ ತಳ್ಳುಗೋಲು) ಮೊದಲು ಗಟ್ಟಿಯಾಗಿ ಒತ್ತಿ ತಳ್ಳಿ, ರಂಧ್ರಗಳೊಳಗೆ ಹೋಗ್ಬೇಕು, ಆಮೇಲೆ ಅದನ್ನೇ ಹಗುರವಾಗಿ ಎಳ್ಕೊಂಡು ಸಮ ಮಾಡಿ. ಪಕ್ಕದ ಪಟ್ಟಿ ಸುರಿಯೋ ಹೊತ್ತಿಗೆ ಹಿಂದಿನದರ ಅಂಚು ಇನ್ನೂ ಹಸಿ ಇರ್ಬೇಕು. ಮೇಲಿನ ನೀರಿನ ಹೊಳಪು ಮಂಕಾಗ್ತಾ ಬಂದಾಗ ಮೆತ್ತನೆ ಪೊರಕೆಯನ್ನ ಒಂದೇ ದಿಕ್ಕಿಗೆ, ಈ ತುದಿಯಿಂದ ಆ ತುದಿವರೆಗೆ ಮಧ್ಯ ನಿಲ್ಲಿಸದೆ ಎಳೀರಿ. ತೆಳುವಾದ ಗೆರೆಗಳು ಬೀಳುತ್ತೆ, ಕಾಲು ಜಾರದೇ ಇರೋದು ಆ ಗೆರೆಗಳಿಂದಲೇ. ಒಂದು ಗೆರೆ ಸೊಟ್ಟ ಆಯ್ತು ಅಂತ ವಾಪಸ್ ಹೋಗಿ ಕೈ ಆಡಿಸ್ಬೇಡಿ, ಇನ್ನೂ ಕೆಡುತ್ತೆ.

ಯಾವ ಹವಾಮಾನದಲ್ಲಿ ಮಾಡ್ಬೇಕು?

10ರಿಂದ 30 ಡಿಗ್ರಿ ಸೆಲ್ಸಿಯಸ್ ಒಳಗೆ ಆರಾಮ. ನೇರ ಬಿಸಿಲಿಗಿಂತಲೂ ಜೋರು ಗಾಳಿ ಅಪಾಯ, ಮೇಲಿನ ನೀರನ್ನ ಎಳ್ಕೊಂಡು ಹೋಗಿ ಇನ್ನೂ ಹಸಿ ಇರುವಾಗಲೇ ಬಿರುಕು ಬರಿಸುತ್ತೆ. ಬಿಸಿಲೂರಾದ್ರೆ ಬೆಳಿಗ್ಗೆ ಬೇಗ ಅಥವಾ ನೆರಳು ಬಿದ್ದ ಮೇಲೆ ಮಾಡಿ. ಮಳೆ ಮೋಡ ಇದ್ರೆ ಮುಂದಕ್ಕೆ ಹಾಕಿ, ಹಸಿ ಪದರದ ಮೇಲೆ ಬಿದ್ದ ಮಳೆ ಹನಿ ಒಂದೊಂದೂ ಗುಂಡಿ ಬಿಡುತ್ತೆ.

ಕ್ಯೂರಿಂಗ್ ಬೇಕಾ? ಯಾವಾಗ ಓಡಾಡ್ಬಹುದು?

ಪಾಲಿಮರ್ ಇರೋ ಎಷ್ಟೋ ಮಾಲಿಗೆ ವಾರಗಟ್ಟಲೆ ನೀರು ಕಟ್ಟೋದು ಬೇಡ, ಬಿಸಿಲು ಗಾಳಿ ಜೋರಿದ್ರೆ ಮೊದಲ ದಿನ ಹಗುರವಾಗಿ ನೀರು ಚಿಮುಕಿಸಿ ಅಥವಾ ಪ್ಲಾಸ್ಟಿಕ್ ಹೊದಿಸಿದ್ರೆ ಸಾಕು, ಆದ್ರೆ ಚೀಲದ ಮೇಲೆ ಏನು ಬರೆದಿದ್ಯೋ ಅದೇ ಅಂತಿಮ. ಪಾಲಿಮರ್ ಇಲ್ಲದ ಮಾಮೂಲಿ ಗಾರೆ ಆದ್ರೆ 7 ದಿನ ಒದ್ದೆ ಇಡ್ಲೇಬೇಕು. ನಡೆದಾಡೋಕೆ ಒಂದು ದಿನ ಬಿಡಿ. ಕಾರು ನಿಲ್ಲಿಸೋಕೆ ಮೂರು ದಿನ ಆದ್ರೂ ಕಾಯಿರಿ, ಚಳಿ ಇದ್ರೆ ಒಂದು ವಾರ, ಮೊದಮೊದಲು ನಿಂತಲ್ಲೇ ಸ್ಟಿಯರಿಂಗ್ ತಿರುಗಿಸ್ಬೇಡಿ.

ಮೆಟ್ಟಿಲಿಗೂ ಇದೇ ಮಾಲು ಆಗುತ್ತಾ?

ಆಗುತ್ತೆ, ನೀರು ಕಮ್ಮಿ ಹಾಕಿ ಗಟ್ಟಿಯಾಗಿ ಕಲಸಿ ಕರಣೆಯಲ್ಲಿ ಬಳೀಬೇಕು. ಮುರಿದ ಅಂಚಿಗೆ ಮೊದಲು ಹಲಗೆ ಒತ್ತಿಟ್ಟು ರಿಪೇರಿ ಮಾರ್ಟರಲ್ಲಿ ಆಕಾರ ಕೊಟ್ಕೊಳ್ಳಿ. ನಿಂತ ಮುಖ ಮೊದಲು, ಕಾಲಿಡೋ ಮುಖ ಆಮೇಲೆ, ಮೇಲಿಂದ ಕೆಳಗೆ. ಎಲ್ಲ ಮೆಟ್ಟಿಲಿಗೂ ಒಂದೇ ದಪ್ಪ ಇರ್ಲಿ, ಒಂದು ಮೆಟ್ಟಿಲು ಮಾತ್ರ ಎತ್ತರ ಆದ್ರೆ ವಯಸ್ಸಾದವರು ಎಡವೋದು ಅಲ್ಲೇ.

ಒಳಗಡೆ ನೆಲ ಗುಡಿಸಿದಷ್ಟೂ ಧೂಳು ಬರುತ್ತೆ. ಅದಕ್ಕೂ ರಿಸರ್ಫೇಸಿಂಗ್ ಬೇಕಾ?

ಬರೀ ಧೂಳು, ಚಕ್ಕೆ ಏನೂ ಏಳ್ತಿಲ್ಲ ಅಂದ್ರೆ ಮೊದಲು ಡೆನ್ಸಿಫೈಯರ್ ಹಾಕಿ ನೋಡಿ. ಅದರಲ್ಲಿರೋ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ಕಾಂಕ್ರೀಟಲ್ಲಿರೋ ಸುಣ್ಣದ ಜೊತೆ ಸೇರಿ ಮೇಲ್ಮೈನ ಗಟ್ಟಿ ಮಾಡುತ್ತೆ. ಮುಂದೆ ಮೇಲ್ಪದರ ಹಾಕೋ ಯೋಚನೆ ಇದ್ರೆ ಮಾತ್ರ ಬೇಡ, ಆಮೇಲೆ ಹಿಡಿಯೋದು ಕಷ್ಟ.

ಟೆರೇಸ್ ಸೋರ್ತಿದೆ, ಇದನ್ನೇ ಹಾಕಿದ್ರೆ ನಿಲ್ಲುತ್ತಾ?

ನಿಲ್ಲಲ್ಲ. ಇದು ವಾಟರ್‌ಪ್ರೂಫಿಂಗ್ ಅಲ್ಲ, ಅದು ಬೇರೆಯದೇ ಕೆಲಸ.

ಅಂಗಳಕ್ಕೆ ಎಪಾಕ್ಸಿ ಹೊಡೆದ್ರೆ ಹೊಳೆಯುತ್ತಲ್ಲ?

ಗ್ಯಾರೇಜ್ ಒಳಗಡೆಗೆ ಸರಿ. ಹೊರಗೆ ಬಿಸಿಲಿನ ಯುವಿ ಕಿರಣಕ್ಕೆ ಹಳದಿಯಾಗಿ ಪುಡಿ ಬಿಡೋಕೆ ಶುರುವಾಗುತ್ತೆ, ಮಳೆ ಬಂದಾಗ ಜಾರುತ್ತೆ, ಕೆಳಗಿನ ತೇವಕ್ಕೆ ಗುಳ್ಳೆ ಏಳುತ್ತೆ. ಹೊರಗಡೆಗೆ ಸೀಲರ್ ಬೇಕಂದ್ರೆ ಒಳಗಿಳಿಯೋ ಸಿಲೇನ್ ಅಥವಾ ಸಿಲಾಕ್ಸೇನ್ ತರದ್ದು ಹಾಕಿ, ನೋಡೋಕೆ ಬದಲಾವಣೆ ಕಾಣಲ್ಲ, ಆದ್ರೆ ನೀರು ಒಳಗೆ ಹೋಗೋದು ಕಮ್ಮಿಯಾಗುತ್ತೆ, ಒಳಗಿನ ಆವಿಗೆ ಆಚೆ ಬರೋಕೆ ದಾರಿನೂ ಇರುತ್ತೆ. ಒಂದ್ಸಲ ಅದು ಹಾಕಿದ್ಮೇಲೆ ಮತ್ತೆ ಮೇಲ್ಪದರ ಹಾಕ್ಬೇಕಂದ್ರೆ ಉಜ್ಜಿ ತೆಗೀಲೇಬೇಕು, ನೆನಪಿರ್ಲಿ.

ಮಾಸ್ಕು, ಗ್ಲೌಸು ನಿಜವಾಗ್ಲೂ ಬೇಕಾ?

ಬೇಕು. ಕಾಂಕ್ರೀಟ್ ಒಣಗಿರುವಾಗ ಉಜ್ಜಿದ್ರೆ ಏಳೋ ಧೂಳಲ್ಲಿ ಸಿಲಿಕಾ ಇರುತ್ತೆ, ಅದು ಶ್ವಾಸಕೋಶದಲ್ಲಿ ಕೂತ್ರೆ ಸಿಲಿಕೋಸಿಸ್, ವಾಸಿ ಆಗೋ ಕಾಯಿಲೆ ಅಲ್ಲ. ನೀರು ಹಾಕ್ಕೊಂಡು ಅಥವಾ ವ್ಯಾಕ್ಯೂಮ್ ಜೋಡಿಸಿದ ಗ್ರೈಂಡರಲ್ಲಿ ಉಜ್ಜಿ, ಎನ್95 ಅಥವಾ ಅದಕ್ಕಿಂತ ಒಳ್ಳೇ ಮಾಸ್ಕ್ ಹಾಕಿ, ಬಟ್ಟೆ ಕಟ್ಕೊಂಡ್ರೆ ಸಾಲಲ್ಲ. ಹಸಿ ಸಿಮೆಂಟ್ ಚರ್ಮ ಸುಡುತ್ತೆ, ತಕ್ಷಣ ನೋವಾಗಲ್ಲ ಅನ್ನೋದೇ ಅದರ ಮೋಸ, ಪ್ಯಾಂಟು ನೆಂದ ಮಂಡಿಯಲ್ಲಿ ಗಂಟೆಗಟ್ಟಲೆ ಕೂತವರಿಗೆ ಸಂಜೆ ಗೊತ್ತಾಗೋದು. ರಬ್ಬರ್ ಗ್ಲೌಸ್, ಮಂಡಿಗೆ ಪ್ಯಾಡ್, ಕಣ್ಣಿಗೆ ಕನ್ನಡಕ. ತಾಗಿದ್ರೆ ಕೂಡಲೇ ಸಾದಾ ನೀರಲ್ಲಿ ತುಂಬಾ ಹೊತ್ತು ತೊಳೀರಿ, ಕಣ್ಣಿಗೆ ಬಿದ್ರೆ ತೊಳೀತಾನೇ ಆಸ್ಪತ್ರೆಗೆ ಹೊರಡಿ.

ಹಾಕಿ ಆಯ್ತು, ಈಗ ಅಲ್ಲಲ್ಲಿ ಬಿಳಿ ಪುಡಿ, ಬಣ್ಣನೂ ಒಂದೇ ತರ ಇಲ್ಲ.

ಬಿಳಿ ಪುಡಿ ಒಳಗಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿ ತಾಗಿ ಕೂತಿದ್ದು. ಒಣ ಬ್ರಷ್ಷಲ್ಲಿ ಉಜ್ಜಿ, ಒಂದಷ್ಟು ಕಾಲ ಕಾಯಿರಿ, ತಾನೇ ಕಮ್ಮಿಯಾಗುತ್ತೆ, ಆಗ್ತಾನೇ ಇಲ್ಲ ಅಂದ್ರೆ ಎಲ್ಲಿಂದಲೋ ನೀರು ಒಳಗೆ ಬರ್ತಾನೇ ಇದೆ ಅಂತ, ಪೈಪು ಅಥವಾ ಗಿಡದ ಪಾತಿ ನೋಡಿ. ಬಣ್ಣದ ವ್ಯತ್ಯಾಸ ಬರೋದು ಒಂದೊಂದು ಬಕೆಟಿಗೆ ಒಂದೊಂದು ಅಳತೆ ನೀರು ಹಾಕಿದಾಗ, ಅದಕ್ಕೆ ಈಗ ಮಾಡೋಕೆ ಜಾಸ್ತಿ ಏನಿಲ್ಲ, ಬಣ್ಣ ಇರೋ ಸೀಲರ್ ಒಂದು ಕೋಟ್ ಹೊಡೆದ್ರೆ ಸುಮಾರಾಗಿ ಮುಚ್ಚುತ್ತೆ.

ಒಂದು ವರ್ಷ ಆಯ್ತು, ಒಂದೇ ಒಂದು ಕಡೆ ಎದ್ದು ಬಂದಿದೆ. ಪೂರ್ತಿ ತೆಗೀಬೇಕಾ?

ಬೇಡ. ಮತ್ತೆ ಸುತ್ತಿಗೆಯಲ್ಲಿ ಸುತ್ತ ತಟ್ಟಿ ಟೊಳ್ಳು ಎಲ್ಲಿವರೆಗೆ ಇದೆ ನೋಡಿ, ಅದಕ್ಕಿಂತ ಸ್ವಲ್ಪ ಆಚೆಗೆ ಗ್ರೈಂಡರಲ್ಲಿ ಚೌಕಾಕಾರದ ನೇರ ಗೆರೆ ಕೊಯ್ದು ಒಳಗಿನದನ್ನ ಮಾತ್ರ ತೆಗೀರಿ. ಅಂಚು ತೆಳ್ಳಗೆ ಸವರಿದ ತೇಪೆ ಬೇಗ ಏಳುತ್ತೆ, ನೇರವಾಗಿ ಕೊಯ್ದ ಅಂಚು ನಿಲ್ಲುತ್ತೆ. ತಳ ಒರಟು ಮಾಡಿ, ನೆನೆಸಿ, ಅದೇ ಕಂಪನಿ ಮಾಲು ಹಾಕಿ. ಬಣ್ಣ ಹೊಂದಲ್ಲ, ಅದಕ್ಕೆ ಮೊದಲೇ ತಯಾರಾಗಿರಿ.